ಅಕ್ಕಿ ಚೀಲ ಹೇಳಿದ ತೂಕ

ತೂಕ ಇಳಿಸುತ್ತೇನೆ ಎಂದು ಹೊರಟವರಿಗೆ ತೂಕ ಇಳಿಯುತ್ತದೋ ಇಲ್ಲವೋ ಹೇಳಲಾರೆ, ನಗೆಪಾಟಲಿಗಂತೂ ಕೊರತೆ ಇರುವುದಿಲ್ಲ. ನನಗೆ ಮೂರೇ ತಿಂಗಳಲ್ಲಿ ಇಷ್ಟು ಒದಗಿ ಬಂದವು.

ನಾವು ತುಮಕೂರಿನ ಕಡೆಯವರು. ನನ್ನವರು ಬ್ಯಾಂಕ್ ಆಫೀಸರು, ವರ್ಗವಾಗಿ ವಿಜಯವಾಡದ ಭವಾನಿಪುರಂನಲ್ಲಿದ್ದಾರೆ. ನಾನು ವಿಶಾಖಪಟ್ಟಣದಲ್ಲಿ, ಪರವಾಡದ ಒಂದು ಔಷಧಿ ಫ್ಯಾಕ್ಟರಿಯಲ್ಲಿ. ಮನೆ ಗಾಜುವಾಕದಲ್ಲಿ. ರಜೆ ಕೂಡಿ ಬಂದಾಗ ಒಮ್ಮೆ ಅವರು ರೈಲು ಹತ್ತಿದರೆ ಇನ್ನೊಮ್ಮೆ ನಾನು ಹತ್ತುತ್ತೇನೆ.

ಮಾತ್ರೆ ತೂಗುವವಳು

ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಮಾತ್ರೆಗಳ ಪರೀಕ್ಷೆ. ಒಂದೊಂದು ಬ್ಯಾಚಿನಿಂದ ಇಪ್ಪತ್ತು ಮಾತ್ರೆ ತೆಗೆದು, ಒಂದೊಂದಾಗಿ ತೂಗಿ, ಸರಾಸರಿ ಬರೆದು ಸಹಿ ಹಾಕಬೇಕು. ಮಿಲಿಗ್ರಾಂ ಹೆಚ್ಚುಕಮ್ಮಿಯಾದರೂ ನಾನು ಬಿಡುವವಳಲ್ಲ. ಕಿಲೋಗಳು ಮಾತ್ರ ನನ್ನ ಕಣ್ಣು ತಪ್ಪಿಸಿ ನನ್ನ ಮೈಮೇಲೇ ಬಂದು ಕೂತಿದ್ದವು.

ವರ್ಷದ ಹೆಲ್ತ್ ಚೆಕಪ್ಪಿನಲ್ಲಿ ಶುಗರ್ ಗಡಿಯಲ್ಲಿ ನಿಂತಿತ್ತು. ಕ್ಲಿನಿಕ್ಕಿನ ಡಾಕ್ಟರಮ್ಮ ನನ್ನನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿ, "ಎಪ್ಪತ್ತೆಂಟು" ಎಂದರು. ಆಮೇಲೆ ಒಂದು ಚೀಟಿಯಲ್ಲಿ ಎರಡು ಸಾಲು ಬರೆದರು. ಮೊದಲನೆಯದು, ಮೂರು ತಿಂಗಳಲ್ಲಿ ಆರು ಕೆಜಿ. ಎರಡನೆಯದು ಒಂದು ಮಾತ್ರೆಯ ಹೆಸರು.

"ಮಾತ್ರೆ ಈಗಲೇ ತಗೋಬೇಡಿ ಅಮ್ಮಾ. ಮೂರು ತಿಂಗಳು ನೋಡೋಣ. ಆಗಲೂ ಶುಗರ್ ಹೀಗೇ ಇದ್ರೆ ಶುರು ಮಾಡೋದೇ."

ನಮ್ಮಮ್ಮ ಎಲ್ಲಿ ಹೋದರೂ ಮಾತ್ರೆ ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದನ್ನು ನೋಡಿ ಬೆಳೆದವಳು ನಾನು. ನನಗಿನ್ನೂ ನಲವತ್ತೊಂದು. ಆ ಡಬ್ಬಿ ಇಷ್ಟು ಬೇಗ ನನ್ನ ಕೈಗೆ ಬರುವುದು ಬೇಡವಾಗಿತ್ತು. ನಿಜ ಹೇಳುತ್ತೇನೆ, ಹೆದರಿಬಿಟ್ಟೆ. ಸಾಲದ್ದಕ್ಕೆ ಚೀಟಿಯಲ್ಲಿದ್ದದ್ದು ಅದೇ ದಿನ ಬೆಳಿಗ್ಗೆ ನಾನೇ ಇಪ್ಪತ್ತು ತೂಗಿ ಬಂದಿದ್ದ ಮಾತ್ರೆ.

"ಈ ಮಾತ್ರೆ ಗೊತ್ತಾ?" ಎಂದರು ಡಾಕ್ಟರಮ್ಮ.

ಹೆದರಿಕೆಯಲ್ಲಿ ಪರೀಕ್ಷೆಗೆ ಕೂತವಳಂತೆ ಎಲ್ಲ ಒಪ್ಪಿಸಿದೆ. ಅದರ ಸರಾಸರಿ ತೂಕ, ಎಷ್ಟು ನಿಮಿಷಕ್ಕೆ ಕರಗುತ್ತದೆ, ಎಷ್ಟು ತಿಂಗಳು ಕೆಡುವುದಿಲ್ಲ, ಯಾವ ಪೆಟ್ಟಿಗೆಯಲ್ಲಿ ಎಷ್ಟು ಇರುತ್ತದೆ.

ಡಾಕ್ಟರಮ್ಮ ಪೂರ್ತಿ ಕೇಳಿ, "ಅಂದ್ರೆ ರುಚಿ ಒಂದು ಬಾಕಿ ಇದೆ" ಎಂದರು.

ಬಸ್ತಾ ಪರೀಕ್ಷೆ

ಆ ಸಂಜೆಯೇ ಮನೆಗೊಂದು ತೂಕದ ಮಿಷನ್ ತಂದೆ. ನಿಂತೆ. ಎಪ್ಪತ್ತೆಂಟು. ಆದರೆ ನಮ್ಮ ಲ್ಯಾಬಿನಲ್ಲಿ ತಕ್ಕಡಿ ಹೇಳಿದ್ದನ್ನು ಹಾಗೇ ನಂಬುವ ಪದ್ಧತಿಯಿಲ್ಲ. ಪ್ರತಿದಿನ ಬೆಳಿಗ್ಗೆ ತೂಕ ಗೊತ್ತಿರುವ ಬಟ್ಟು ಇಟ್ಟು, ತಕ್ಕಡಿ ಸರಿಯಿದೆಯೇ ಎಂದು ನೋಡಿದ ಮೇಲೆಯೇ ಕೆಲಸ ಶುರು. ಮನೆಯಲ್ಲಿ ಬಟ್ಟು ಎಲ್ಲಿಂದ ತರಲಿ? ಅಡುಗೆಮನೆ ಮೂಲೆಯಲ್ಲಿ ಹೊಲಿಗೆ ಬಿಚ್ಚದ ಅಕ್ಕಿ ಚೀಲವಿತ್ತು. ಇಲ್ಲಿಯವರು ಬಸ್ತಾ ಎನ್ನುತ್ತಾರೆ. ಮದುವೆಯಾದಾಗಿನಿಂದ ಅಕ್ಕಿ ತರುವುದು ನನ್ನವರ ಕೆಲಸ. ಚೀಲ ಅಂದರೆ ಇಪ್ಪತ್ತೈದು ಕೆಜಿ, ಅದೇನು ಕೇಳುವ ಮಾತೇ?

ಏದುಸಿರು ಬಿಡುತ್ತಾ ಚೀಲವನ್ನು ಎಳೆದು ಮಿಷನ್ ಮೇಲೆ ಕೂರಿಸಿದೆ. ಇಪ್ಪತ್ತಾರು ತೋರಿಸಿತು!

ಸಿಕ್ಕಿಬಿದ್ದನಲ್ಲ ಕಳ್ಳ ಎಂದುಕೊಂಡೆ. ಇಪ್ಪತ್ತೈದಕ್ಕೆ ಇಪ್ಪತ್ತಾರು ತೋರಿಸುವ ಮಿಷನ್ ಎಪ್ಪತ್ತೈದಕ್ಕೆ ಎಪ್ಪತ್ತೆಂಟು ತೋರಿಸುತ್ತದೆ. ಹಾಗಾದರೆ ನನ್ನ ನಿಜವಾದ ತೂಕ ಎಪ್ಪತ್ತೈದು. ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ತಾರೀಕು, ತೋರಿದ ತೂಕ, ತಿದ್ದಿದ ತೂಕ, ಸಹಿ ಎಂದು ಗೆರೆ ಎಳೆದು ಬರೆದಿಟ್ಟೆ. ಒಂದು ಹೆಜ್ಜೆ ನಡೆಯದೆ, ಒಂದು ತುತ್ತು ಬಿಡದೆ, ಒಂದೇ ಸಂಜೆಗೆ ಮೂರು ಕೆಜಿ ಇಳಿದಿದ್ದೆ.

ಫೋನಿನಲ್ಲಿ ನನ್ನವರು ಒಂದೇ ಪ್ರಶ್ನೆ ಕೇಳಿದರು. "ಅಲ್ಲ ಕಣೇ, ಡಾಕ್ಟ್ರ ಮಿಷನ್ನೂ ಎಪ್ಪತ್ತೆಂಟೇ ತೋರ್ಸಿತ್ತಲ್ಲ?"

"ಹೂಂ ರೀ. ಪಾಪ, ಅವರದ್ದೂ ಕೆಟ್ಟಿದೆ."

ಹೊಸ ಸ್ಟಾಪು

ಉಳಿದ ಮೂರು ಕೆಜಿಗೆ ನಡೆಯೋಣವೆಂದು, ಸಂಜೆ ಕಂಪನಿ ಬಸ್ಸಿನಿಂದ ಎರಡು ಸ್ಟಾಪ್ ಮೊದಲೇ ಇಳಿದು ಮನೆಗೆ ನಡೆದು ಹೋಗತೊಡಗಿದೆ. ಬಸ್ಸಿನ ಡ್ರೈವರಣ್ಣ ಬಹಳ ಮರ್ಯಾದಸ್ಥರು. ಒಂದು ವಾರ ನೋಡಿದರು. ಮೇಡಂ ಮನೆ ಬದಲಾಯಿಸಿದ್ದಾರೆ, ಸಂಕೋಚಕ್ಕೆ ಹೇಳುತ್ತಿಲ್ಲ ಎಂದು ತಾವೇ ತೀರ್ಮಾನಿಸಿ, ಆಫೀಸಿನಲ್ಲಿ ಹೇಳಿ ನನ್ನ ಸ್ಟಾಪ್ ಬದಲಾಯಿಸಿಯೂಬಿಟ್ಟರು.

ಸೋಮವಾರ ಬೆಳಿಗ್ಗೆ ನಾನು ಎಂದಿನ ಜಾಗದಲ್ಲಿ ನಿಂತು ಕೈ ಎತ್ತಿದೆ. ಬಸ್ಸು ನನ್ನೆದುರೇ ಹಾದು ಹೋಯಿತು. ಹಿಂದಿನ ಸೀಟಿನವರು ಟಾಟಾ ಎಂದುಕೊಂಡು ಟಾಟಾ ಮಾಡಿದರು. ಸೀರೆ ಎತ್ತಿ ಸಿಕ್ಕಿಸಿ, ಊಟದ ಡಬ್ಬಿ ಅಲ್ಲಾಡಿಸುತ್ತಾ ಹಿಂದೆ ಓಡಿದೆ. ಎರಡು ಸ್ಟಾಪ್ ಆಚೆ ಬಸ್ಸು ನಿಂತಿತ್ತು, ನನಗೋಸ್ಕರವೇ. ಡ್ರೈವರಣ್ಣ ಬಾಗಿಲು ತೆರೆದು, "ರಂಡಿ ಮೇಡಂ, ರಂಡಿ" ಎಂದು ಬರಮಾಡಿಕೊಂಡರು. ತೆಲುಗಿನಲ್ಲಿ ಅದು ಬನ್ನಿ ಬನ್ನಿ ಎಂಬ ಉಪಚಾರ. "ಹೊಸ ಮನೆ ಇಲ್ಲಿಂದ ದೂರಾನಾ ಮೇಡಂ?"

ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಸೀಟಿಗೆ ಬಿದ್ದೆ.

ಆಫೀಸಿನಲ್ಲಿ ವಿಚಾರಿಸಿದರೆ, ಹಳೇ ಸ್ಟಾಪಿನಲ್ಲಿ ಹತ್ತುವವರು ನಾನೊಬ್ಬಳೇ ಆದ್ದರಿಂದ ಅದನ್ನು ಪಟ್ಟಿಯಿಂದ ತೆಗೆದಿದ್ದರು. ಮತ್ತೆ ಸೇರಿಸಲು ಅರ್ಜಿ ಕೊಡಬೇಕು, ಮೂವರ ಸಹಿ ಬೇಕು, ಕಾರಣ ಬರೆಯಬೇಕು. ತೂಕ ಇಳಿಸುವ ಸಲುವಾಗಿ ಇಳಿದೆ ಎಂದು ಬರೆಯಲು ನಾಚಿಕೆಯಾಯಿತು. ಮೂರು ತಿಂಗಳು ಸಂಜೆ ನಡೆದೆ, ಬೆಳಿಗ್ಗೆ ಓಡಿದೆ. ಸಂಜೆಯ ನಡಿಗೆ ನನ್ನ ಸಂಕಲ್ಪ, ಬೆಳಗಿನ ಓಟ ಡ್ರೈವರಣ್ಣನ ಉಪಕಾರ.

ಚಿಕ್ಕಿಪೋಯಾರು

ಇದೊಂದು ಚಿಕ್ಕದು. ನಮ್ಮ ಮನೆ ಓನರ ಹೆಂಡತಿ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ನನ್ನ ಗಲ್ಲ ಹಿಡಿದು, "ಎಷ್ಟು ಚಿಕ್ಕಿಪೋಯಾರು!" ಎನ್ನುತ್ತಿದ್ದರು. ಎಷ್ಟು ಸೊರಗಿ ಹೋಗಿದ್ದೀರಿ ಎಂದು. ನನಗೆ ಹಿಗ್ಗೋ ಹಿಗ್ಗು. ಸೊರಗಿದವಳಿಗೆ ಎಂದು ತಟ್ಟೆ ತುಂಬ ಗಾರೆಲು ಕಳಿಸುತ್ತಿದ್ದರು, ನಮ್ಮ ಕಡೆಯ ಉದ್ದಿನವಡೆ. ಹೊಗಳಿದವರ ಮನಸ್ಸು ನೋಯಿಸಬಾರದೆಂದು ತಿನ್ನುತ್ತಿದ್ದೆ.

ಒಂದು ದಿನ ಕೆಳಗಿನ ಮನೆಯ ಪೊಲೀಸಿನವರು ಮೆಟ್ಟಿಲು ಹತ್ತಿ ಬಂದರು. ಅವರು ಬಂದರೆ ಮೆಟ್ಟಿಲಲ್ಲಿ ಇನ್ನೊಬ್ಬರಿಗೆ ಜಾಗವಿರುವುದಿಲ್ಲ. ಓನರಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಚಿಕ್ಕಿಪೋಯಾರಂಡಿ!" ಎಂದು ಕಣ್ಣು ಒರೆಸಿಕೊಂಡರು.

ಬೆಟ್ಟದ ಕೆಳಗಿನ ಅಜ್ಜಿ

ನಾನೊಬ್ಬಳೇ ಯಾಕೆ ಒದ್ದಾಡಬೇಕೆಂದು ನನ್ನವರನ್ನೂ ಸೇರಿಸಿಕೊಂಡಿದ್ದೆ. ಅವರದು ಬಿಡುವಾದ ಭಾನುವಾರ ಅಲ್ಲಿನ ಇಂದ್ರಕೀಲಾದ್ರಿ ಬೆಟ್ಟದ ಮೆಟ್ಟಿಲು ಹತ್ತಿ ಅಮ್ಮನವರ ದರ್ಶನ ಮಾಡುವ ವ್ರತ. ಇಳಿದು ಬಂದು ತೂಕ ನೋಡಿ ಫೋನ್ ಮಾಡುತ್ತಿದ್ದರು. "ಒಂದು ಕೆಜಿ ಇಳೀತು ಕಣೇ." ಮುಂದಿನ ವಾರ, "ಇನ್ನೊಂದು." ಎರಡು ತಿಂಗಳಲ್ಲಿ ಐದು ಇಳಿಸಿದ್ದರು. ನನಗೆ ಹೊಟ್ಟೆಕಿಚ್ಚು ತಡೆಯಲಿಲ್ಲ. ರೈಲು ಹತ್ತಿ ಹೋಗಿ ಜೊತೆಯಲ್ಲೇ ಬೆಟ್ಟ ಹತ್ತಿದೆ.

ಮೇಲೆ ಪ್ರಸಾದದ ಪುಳಿಯೋಗರೆ ಎರಡು ಪೊಟ್ಟಣ ತೆಗೆದುಕೊಂಡರು. ನನಗೊಂದು ಎಂದು ಕೈ ಚಾಚಿದೆ. "ನಿಂಗೆ ಶುಗರ್ ಅಲ್ವೇನೆ?" ಎಂದು ಎರಡನ್ನೂ ಭಕ್ತಿಯಿಂದ ತಾವೇ ತಿಂದರು.

ಕೆಳಗೆ ಫುಟ್‌ಪಾತಿನಲ್ಲಿ ಒಬ್ಬ ಅಜ್ಜಿ ಮುಳ್ಳಿನ ತೂಕದ ಮಿಷನ್ ಇಟ್ಟುಕೊಂಡು ಕೂತಿದ್ದರು. ನನ್ನವರು ಚಪ್ಪಲಿ ಬಿಟ್ಟು ಹತ್ತಿದರು. ಅದಕ್ಕೆ ಮೊದಲೇ ಅಜ್ಜಿಯ ಹೆಬ್ಬೆರಳು ಪಕ್ಕದ ತಿರುಪನ್ನು ಒಂದಿಷ್ಟು ತಿರುಗಿಸಿದ್ದನ್ನು ನಾನು ನೋಡಿದೆ. ತಕ್ಕಡಿ ನೋಡುವುದೇ ನನ್ನ ಹೊಟ್ಟೆಪಾಡಲ್ಲವೇ!

ನನ್ನವರು ಇಳಿದು ಚಪ್ಪಲಿ ಮೆಟ್ಟಲು ಆಚೆ ಹೋದಾಗ, "ಅವ್ವಾ, ಇದೇನು?" ಎಂದು ಪಿಸುಗುಟ್ಟಿದೆ.

ಅಜ್ಜಿ ಸ್ವಲ್ಪವೂ ಕಳವಳಗೊಳ್ಳಲಿಲ್ಲ. "ಅಷ್ಟು ಮೆಟ್ಟಿಲು ಹತ್ತಿ ಬಂದಿದ್ದಾರೆ ತಾಯಿ. ಕಷ್ಟಪಟ್ಟವರಿಗೆ ಸಂತೋಷ ಬೇಡವಾ? ಬಂದಾಗಲೆಲ್ಲ ಒಂದು ಕೆಜಿ ಕಮ್ಮಿ ಮಾಡ್ತೀನಿ." ಆಮೇಲೆ ನನ್ನ ಮುಖ ನೋಡಿ ತಿರುಪಿಗೆ ಬೆರಳಿಟ್ಟು ಕೇಳಿದರು, "ನಿಮಗೆಷ್ಟು ಬೇಕು?"

ಚೀಟಿ

ಮೂರು ತಿಂಗಳು ತುಂಬಿತು. ಬೀರುವಿನ ಹಾಳೆಯ ಕೊನೆಯ ಸಾಲಿನಲ್ಲಿ ತೋರಿದ ತೂಕ ಎಪ್ಪತ್ತೈದು, ತಿದ್ದಿದ ತೂಕ ಎಪ್ಪತ್ತೆರಡು! ಆರಕ್ಕೆ ಆರೂ ಇಳಿದಿತ್ತು. ಹಿಂದಿನ ದಿನವೇ ರಕ್ತ ಕೊಟ್ಟು ಬಂದಿದ್ದೆ. ನನ್ನವರು ಬೆಳಗಿನ ರೈಲಿಗೆ ಬಂದು, ದಾರಿಯಲ್ಲೇ ಹೊಸ ಬಸ್ತಾ ಹೊತ್ತು ತಂದು ದೊಪ್ಪನೆ ಇಳಿಸಿ, "ಇಪ್ಪತ್ತಾರು ಕೆಜಿ! ಸೊಂಟ ಹೋಯ್ತು" ಎಂದರು.

"ಇಪ್ಪತ್ತೈದು ಕಣ್ರೀ."

"ಯಾವ ಕಾಲದಲ್ಲಿದ್ದೀಯ? ಇಪ್ಪತ್ತೈದು ಕೆಜಿವರೆಗಿನ ಚೀಲಕ್ಕೆ ಟ್ಯಾಕ್ಸ್ ಹಾಕಿದ್ಮೇಲೆ ಮಿಲ್ಲಿನವರೆಲ್ಲ ಇಪ್ಪತ್ತಾರೇ ತುಂಬೋದು. ಬರ್ದಿದೆ ನೋಡು."

ಬರೆದಿತ್ತು. ನನ್ನ ಅಂಗೈಯಷ್ಟು ದೊಡ್ಡ ಅಕ್ಷರದಲ್ಲಿ. ದಿನಕ್ಕೆ ನೂರು ಲೇಬಲ್ ಓದುವ ನಾನು ಮೂರು ತಿಂಗಳಿಂದ ಇದೊಂದನ್ನು ಓದಿರಲಿಲ್ಲ. ಅಂದರೆ ಮಿಷನ್ ಸರಿಯಿತ್ತು. ಡಾಕ್ಟರಮ್ಮನದೂ ಸರಿಯಿತ್ತು. ನಾನು ಎಪ್ಪತ್ತೈದು. ಇಳಿದದ್ದು ಬರೀ ಮೂರು. ಅದೇ ಚೀಲದ ಮೇಲೆ ಕುಸಿದು ಕೂತೆ. ನಗಬೇಕೆಂದಿದ್ದ ನನ್ನವರು ನನ್ನ ಮುಖ ನೋಡಿ, "ಬಾ, ಹೋಗೋಣ. ಮಾತ್ರೆ ಆದ್ರೆ ಆಯ್ತು, ನಾನಿಲ್ವಾ" ಎಂದರು. ಅಮ್ಮನ ಡಬ್ಬಿಯೇ ಕಣ್ಣ ಮುಂದೆ ಬರುತ್ತಿತ್ತು.

ಡಾಕ್ಟರಮ್ಮ ತೂಕ ನೋಡಿದರು. ಎಪ್ಪತ್ತೈದು. ರಿಪೋರ್ಟ್ ತೆರೆದು ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು. ನಾನು ನನ್ನವರ ತೋಳು ಹಿಡಿದುಕೊಂಡಿದ್ದೆ.

"ಆರು ಕೇಳಿದ್ದೆ, ಮೂರು ಕೊಟ್ಟಿದ್ದೀರಿ. ಆದ್ರೆ ಶುಗರ್ ಇಳಿದಿದೆ. ಮಾತ್ರೆ ಬೇಡ. ಏನು ಮಾಡಿದ್ರಿ ಅಮ್ಮಾ?"

"ಬಸ್ಸು ತಪ್ಪಿಸ್ಕೊಂಡೆ ಡಾಕ್ಟ್ರೇ, ದಿನಾ" ಎಂದವಳಿಗೆ ಅಳು ಬಂದುಬಿಟ್ಟಿತು. ಎದೆ ಮೇಲೆ ಮೂರು ತಿಂಗಳು ಕೂತಿದ್ದದ್ದು ಇಳಿದು ಹೋಯಿತು. ಅದನ್ನು ಯಾವ ಮಿಷನ್ನಿನಲ್ಲೂ ತೂಗಲಾಗದು. ಡ್ರೈವರಣ್ಣನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅವತ್ತಿನ ಚೀಟಿ ತೆಗೆದು ಹರಿಯಲು ಹೋದೆ. ಡಾಕ್ಟರಮ್ಮ, "ಹರೀಬೇಡಿ, ಕೊಡಿ" ಎಂದು ಕೈಗೆ ತೆಗೆದುಕೊಂಡು, ನನ್ನವರ ಹೊಟ್ಟೆಯತ್ತ ದೃಷ್ಟಿ ಹೊರಳಿಸಿ, "ಸಾರ್, ನೀವೂ ಒಮ್ಮೆ ಹತ್ತಿ" ಎಂದರು. ಅಜ್ಜಿಯ ತಿರುಪಿನ ವಿಷಯ ನಾನಿನ್ನೂ ಹೇಳಿರಲಿಲ್ಲ. ಐದು ಕೆಜಿ ಇಳಿಸಿದ ಧೈರ್ಯದಲ್ಲಿ ಇವರು ಎದೆಯುಬ್ಬಿಸಿ ಹತ್ತಿದರು. ತೊಂಬತ್ತೊಂದು. ವ್ರತ ಹಿಡಿದಾಗ ಎಂಬತ್ತೆಂಟಿತ್ತು.

ಡಾಕ್ಟರಮ್ಮ ಮಾತ್ರೆಯ ಸಾಲು ಹೊಡೆದು ಹಾಕಿ, "ಮೂರು ತಿಂಗಳಲ್ಲಿ ಆರು ಕೆಜಿ" ಎಂಬ ಸಾಲನ್ನು ಹಾಗೇ ಉಳಿಸಿ, ನನ್ನ ಹೆಸರಿದ್ದಲ್ಲಿ ಅವರ ಹೆಸರು ಬರೆದು ಚೀಟಿ ಚಾಚಿದರು.

ನನ್ನವರು ಚೀಟಿ ನೋಡಿದರು, ಮಿಷನ್ ನೋಡಿದರು. ಆಮೇಲೆ ಬಹಳ ವಿನಯದಿಂದ ಕೇಳಿದರು, "ಮೇಡಂ, ಈ ಮಿಷನ್ ಮೇಲೆ ಯಾವತ್ತಾದ್ರೂ ಅಕ್ಕಿ ಚೀಲ ಇಟ್ಟು ನೋಡಿದ್ದೀರಾ?"