ಎದುರು ಮನೆಯ ವರನೂ ತಾವು ದಯಪಾಲಿಸಿದ ಎಡತಿರುವೂ

ಕೈರೋ ನಗರದ ರಸ್ತೆ ನಕ್ಷೆಗಳ ಮುಖ್ಯ ಇಂಜಿನಿಯರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ನಗರದ ಪೂರ್ವ ಬಡಾವಣೆಯಲ್ಲಿ ಅಣ್ಣ-ಅತ್ತಿಗೆಯರ ಜೊತೆ ವಾಸವಾಗಿರುವ ನಿವೃತ್ತ ಹೊಲಿಗೆ ಟೀಚರ್ ಇನ್‌ಶಿರಾಹ್ ಮಾಡುವ ಅನಂತ ಸಲಾಮುಗಳು. ತಾವು, ತಮ್ಮ ಕುಟುಂಬದವರು, ತಮ್ಮ ಸ್ಕೇಲು, ಪೆನ್ಸಿಲ್ಲು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ರಬ್ಬರ್ ಮಾತ್ರ ಎಲ್ಲೋ ಕಳೆದುಹೋಗಿರಬೇಕೆಂಬುದು ನಮ್ಮ ಬೀದಿಯವರ ಅನುಮಾನ.

ನಮ್ಮ ಮನೆಯ ಮುಂದೆ ಬಡಪಾಯಿಯಾಗಿ ಬಿದ್ದಿದ್ದ ಬೀದಿಯನ್ನು ತಾವು ಹೆದ್ದಾರಿಯ ಪದವಿಗೇರಿಸಿ, ಮರಗಳಿಗೆ ಮುಕ್ತಿ ಕೊಟ್ಟು, ದಾಟುವ ಜಾಗಗಳನ್ನೆಲ್ಲ ಗೋಡೆ ಕಟ್ಟಿ ಮುಚ್ಚಿ, ಆಚೆ ದಡಕ್ಕೆ ಹೋಗಬಯಸುವವರಿಗಾಗಿ ಬಹುದೂರದಲ್ಲೊಂದು ಎಡತಿರುವನ್ನು ಕರುಣಿಸಿದ್ದೀರಿ. ಅದನ್ನು ಹಿಡಿಯಲು, ರಸ್ತೆಯ ಬಲಬದಿಯಲ್ಲಿ ಓಡುವ ನಮ್ಮೂರ ಗಾಡಿಯವನು ಬಲತುದಿಯಿಂದ ಎಡತುದಿಯವರೆಗೆ ವಾಹನಗಳ ಎಲ್ಲ ಸಾಲುಗಳನ್ನೂ ಒಂದೇ ಉಸಿರಿಗೆ ಅಡ್ಡಹಾಯಬೇಕು, ಅಷ್ಟರಲ್ಲಿ ಮೇಲ್ಸೇತುವೆಯಿಂದ ಲಾರಿಗಳು ಮೈಮೇಲೆ ಇಳಿಯುತ್ತವೆ, ಹಾಗೂ ಹೀಗೂ ಬದುಕಿ ಎಡಕ್ಕೆ ಬಂದವನಿಗೆ ‘ಎಡತಿರುವು ಇಲ್ಲಿದೆ’ ಎಂಬ ಫಲಕವು ತಿರುವು ಕಳೆದ ಮೇಲೆ ದರ್ಶನ ಕೊಡುತ್ತದೆ. ಇಂಥದ್ದು ಯಾರಿಗೆ ಹೊಳೆಯುತ್ತದೆ, ಹೇಳಿ.

ನನ್ನ ಅಳಲು ಸಣ್ಣದು. ರಸ್ತೆಯಾಚೆ, ನಮ್ಮ ಬಾಲ್ಕನಿಗೆ ನೇರ ಎದುರಿನ ಬಾಲ್ಕನಿಯಲ್ಲಿ, ಉಸ್ತಾದ್ ಹಿಲ್ಮಿ ಎಂಬ ವಿಧುರರಿದ್ದಾರೆ. ಮಕ್ಕಳಿಗೆ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಅವರು ಅಲ್ಲಿ ಕಾಮಕಸ್ತೂರಿ ಗಿಡಕ್ಕೆ ನೀರು ಹಾಕುವಾಗ ನಾನು ಇಲ್ಲಿ ಬಟ್ಟೆ ಒಣಹಾಕುತ್ತೇನೆ. ಒಗೆದ ಬಟ್ಟೆ ಇಲ್ಲದ ದಿನ ಒಣಗಿದ್ದನ್ನೇ ಮತ್ತೆ ಒಣಹಾಕುತ್ತೇನೆ. ನನಗೆ ಅವರು ಬೇಕು. ಈ ವಯಸ್ಸಿನಲ್ಲಿ ನಾಚಿಕೆ ಏಕೆ, ಬೇಕೇ ಬೇಕು. ಆದರೆ ನಮ್ಮಲ್ಲಿ ಹೆಣ್ಣು ಕೇಳುವವನು ಕೇಕಿನ ಡಬ್ಬಿ ಹಿಡಿದು ಹೆಣ್ಣಿನ ಮನೆಗೆ ಬರಬೇಕು, ಹಿರಿಯರನ್ನು ಬಾಯಿಬಿಟ್ಟು ಕೇಳಬೇಕು, ಎಲ್ಲರೂ ಅಂಗೈ ತೆರೆದು ಕುರಾನಿನ ಫಾತಿಹಾ ಓದಿದರೆ ಮಾತು ಗಟ್ಟಿ ಎಂಬುದು ತಮಗೂ ತಿಳಿದದ್ದೇ.

ಮೊದಲ ಶುಕ್ರವಾರ ಉಸ್ತಾದರು ಟೈ ಕಟ್ಟಿ ಕಾರು ಹತ್ತಿದ್ದನ್ನು ನಾವೆಲ್ಲ ಬಾಲ್ಕನಿಯಿಂದ ನೋಡಿದೆವು. ತಿರುವು ತಪ್ಪಿತು. ದಾರಿ ಕೇಳಿದವರಿಗೆ ‘ಗೊತ್ತಿಲ್ಲ’ ಎನ್ನುವುದು ನಮ್ಮೂರಲ್ಲಿ ಮರ್ಯಾದೆಯಲ್ಲವಾದ್ದರಿಂದ, ಸಿಕ್ಕವರೆಲ್ಲ ‘ನೇರ ಹೋಗಿ ಉಸ್ತಾದ್, ಕಣ್ಮುಚ್ಕೊಂಡು ಹೋದ್ರೂ ಸಿಗತ್ತೆ’ ಎಂದು ಪ್ರೀತಿಯಿಂದ ಕಳಿಸಿಕೊಟ್ಟರು. ಸಂಜೆ ಅವರ ಫೋನು ಬಂತು: ‘ಇನ್‌ಶಿರಾಹ್ ಅವರೇ, ಎದುರಿಗೆ ಸಮುದ್ರ ಕಾಣ್ತಾ ಇದೆ. ನಿಮ್ಮ ಬೀದೀಲಿ ಸಮುದ್ರ ಇರ್ಲಿಲ್ಲ ಅಲ್ವಾ?’ ಅವರು ಸೂಯೆಜ್ ಮುಟ್ಟಿದ್ದರು. ಕೇಕು ಬಿಸಿಲಿಗೆ ಕರಗಿತ್ತು.

ಅಣ್ಣ ಸಾದಾವಿ ಕೆಂಡವಾದ. ‘ರಸ್ತೆ ದಾಟೋಕೆ ಬರದವನು ಸಂಸಾರ ಏನು ಮಾಡ್ತಾನೆ? ಬರೋ ಶುಕ್ರವಾರ ಹೊತ್ತು ಮುಳುಗೋದ್ರೊಳಗೆ ಬಂದ್ರೆ ಸರಿ, ಇಲ್ಲಾಂದ್ರೆ ನಿನ್ನನ್ನ ಕೇಳ್ತಾ ಇರೋ ಇಸ್ಮಾಯಿಲಿಯಾದ ಮಾವಿನಹಣ್ಣಿನ ವ್ಯಾಪಾರಿಗೆ ಹೂಂ ಅಂದ್ಬಿಡ್ತೀನಿ.’ ಗಡುವನ್ನು ಉಸ್ತಾದರಿಗೆ ಫೋನಿನಲ್ಲಿ ತಿಳಿಸಿ, ನಾನು ಅಡುಗೆಮನೆಗೆ ಬೀಗ ಜಡಿದೆ. ಗುರುವಾರದ ಹೊತ್ತಿಗೆ ಅಣ್ಣ ಮೆತ್ತಗಾಗಿ, ‘ಆಯ್ತು ಮಾರಾಯ್ತಿ, ನಾನೇ ಹೋಗಿ ಅವನನ್ನ ಕರ್ಕೊಂಡ್ ಬರ್ತೀನಿ’ ಎಂದ. ನಾವೇ ಬರುತ್ತಿದ್ದೇವೆಂದು ಫೋನು ಮಾಡಿ ಹೇಳಿದರೆ ಹೆಣ್ಣಿನ ಕಡೆಯವರ ಗತ್ತು ಹೋಗುತ್ತದೆಂದು ಅದೊಂದಕ್ಕೆ ಬಿಡಲಿಲ್ಲ.

ಶುಕ್ರವಾರ ಅಣ್ಣನೂ ನಾನೂ ಅವನ ಹಳೇ ಫಿಯೆಟ್ಟಿನಲ್ಲಿ ಹೊರಟೆವು. ತಮ್ಮ ಕೃಪೆಯಿಂದ ವಿಮಾನ ನಿಲ್ದಾಣ, ಸಿಮೆಂಟ್ ಗೋದಾಮು, ಅಪರಿಚಿತರ ಒಂದು ಶವಯಾತ್ರೆ ಎಲ್ಲವನ್ನೂ ಕಂಡು, ಇಳಿಹೊತ್ತಿಗೆ ಉಸ್ತಾದರ ಮನೆ ಸೇರಿದೆವು. ‘ಉಸ್ತಾದರು ಬೆಳಕು ಹರಿಯೋ ಮುಂಚೆನೇ ಹೊರಟ್ರಲ್ಲ’ ಎಂದ ಕಾವಲುಗಾರ, ಪಾಪ, ಬಾಗಿಲು ತೆಗೆದು ಚಹಾ ಕೊಟ್ಟ. ಬಾಲ್ಕನಿಗೆ ಬಂದು ನೋಡಿದರೆ, ಎದುರಿಗೆ ನಮ್ಮದೇ ಬಾಲ್ಕನಿಯಲ್ಲಿ, ನಮ್ಮ ಅತ್ತಿಗೆಯ ಪಕ್ಕದಲ್ಲಿ, ಕೇಕಿನ ಡಬ್ಬಿ ಹಿಡಿದು ಉಸ್ತಾದ್ ಹಿಲ್ಮಿ ನಿಂತಿದ್ದರು. ಸೂರ್ಯ ಕಟ್ಟಡಗಳ ಹಿಂದಕ್ಕೆ ಜಾರುತ್ತಿದ್ದ.

ನಾನೆಂದೆ: ‘ಅಣ್ಣಾ, ನೀನು ಹೇಳಿದ ಹೊತ್ತಿಗೆ ಅವರು ಮನೆಗೆ ಬಂದಿದಾರೆ. ಮನೇಲಿ ಇಲ್ಲದೋನು ನೀನು.’ ಅಣ್ಣ ಚಹಾ ಲೋಟ ಕೆಳಗಿಟ್ಟ. ಮತ್ತೆ ಆ ಕಾರು ಹತ್ತುವ ತ್ರಾಣ ಅವನಲ್ಲಿರಲಿಲ್ಲ.

ಇಲ್ಲಿ ತಮ್ಮನ್ನು ಹೊಗಳಲೇಬೇಕು. ತಮ್ಮ ತಿರುವಿನ ದೆಸೆಯಿಂದ ಆ ಹೊತ್ತಿಗೆ ಎಲ್ಲ ಸಾಲುಗಳೂ ಗಪ್ಪಾಗಿ ನಿಂತಿದ್ದವು. ಫೋನು ಮಾಡಿದರೆ ಗತ್ತು ಹೋದೀತೆಂದು ಅಣ್ಣ ಬಗ್ಗಿ ಕೂಗಿದ. ಕೆಳಗಿನ ಲಾರಿಯವನು ಕೇಳಿಸಿಕೊಂಡು ಪಕ್ಕದ ವ್ಯಾನಿನವನಿಗೆ, ಅವನು ಆಚೆಯ ಟ್ಯಾಕ್ಸಿಯವನಿಗೆ ದಾಟಿಸಿ, ಕೊನೆಗೆ ಗೋಡೆಯಾಚೆಯ ಕಲ್ಲಂಗಡಿ ಗಾಡಿಯವನು ಮೇಲೆ ನೋಡಿ, ‘ಉಸ್ತಾದ್, ಆ ಕಡೆ ದೊಡ್ಡೋರು ಕೇಳ್ತಾ ಇದಾರೆ, ಅವರ ತಂಗೀನ ಮದುವೆ ಆಗ್ತೀರಾ ಅಂತ. ಬೇಗ ಹೇಳಿ, ಸಾಲು ಹೊರಟುಬಿಡತ್ತೆ’ ಎಂದ. ಗಂಡು ಬಂದು ಕೇಳಬೇಕಾದ್ದನ್ನು ಅಣ್ಣನೇ ಕೇಳಿದ್ದ, ಅದೂ ಗಂಡಿನ ಮನೆಗೆ ಹೋಗಿ. ಉಸ್ತಾದರ ಉತ್ತರ ಅದೇ ದಾರಿಯಲ್ಲಿ ಮರಳಿತು: ‘ಅದಕ್ಕೇ ಅಲ್ವಾ ಸೂಯೆಜ್‌ವರೆಗೂ ಹೋಗಿದ್ದು.’ ಎರಡೂ ಬಾಲ್ಕನಿಗಳಲ್ಲಿ ಅಂಗೈಗಳು ತೆರೆದವು, ಕೆಳಗೆ ಲಾರಿ, ವ್ಯಾನುಗಳ ಕಿಟಕಿಗಳಲ್ಲೂ ತೆರೆದವು, ಹೆದ್ದಾರಿಗೆ ಹೆದ್ದಾರಿಯೇ ಫಾತಿಹಾ ಓದಿತು. ನಾನು ಅತ್ತುಬಿಟ್ಟೆ, ಏನು ಮುಚ್ಚಿಡುವುದು. ಆಮೇಲೆ ಹೊತ್ತು ಮುಳುಗಿತು.

ಆದ್ದರಿಂದ ನನ್ನ ಕೋರಿಕೆಗಳು ಅತ್ಯಲ್ಪ. ತಮ್ಮ ಫಲಕವನ್ನು ತಿರುವಿನ ಮುಂಚೆ ನೆಡುವುದು ಕಷ್ಟವಾದರೆ ಅಲ್ಲೇ ಇರಲಿ, ಅದರ ಮೇಲೆ ‘ಅಯ್ಯೋ ಪಾಪ’ ಎಂದು ಬರೆಸಿ. ಮದುವೆಯ ದಿನ ಒಂದರ್ಧ ಗಂಟೆ ರಸ್ತೆಯನ್ನು ಮಡಚಿ ಕಪಾಟಿನಲ್ಲಿಡಿ. ಅದೂ ಆಗದಿದ್ದರೆ ನಮ್ಮ ಕಟ್ಟಡವನ್ನಾದರೂ ಆಚೆ ದಡಕ್ಕೆ ವರ್ಗ ಮಾಡಿ, ತಮ್ಮ ಕೈಯಲ್ಲಿ ಆಗದ್ದೇನಿದೆ.

ಇತಿ, ತಿರುವು ಸಿಕ್ಕುವವರೆಗೂ ತಮ್ಮ ವಿಶ್ವಾಸಿ,
ಇನ್‌ಶಿರಾಹ್

ತಾ.ಕ.: ಮದುವೆ ಮುಂದಿನ ಗುರುವಾರ, ಉಸ್ತಾದರ ಮನೆಯಲ್ಲಿ. ತಾವು ಕುಟುಂಬಸಮೇತ ಊಟಕ್ಕೆ ಬರಲೇಬೇಕು, ಮನೆ ಹುಡುಕುವ ತೊಂದರೆಯೇ ಇಲ್ಲ; ಅದು ನಮ್ಮ ಪಕ್ಕದಲ್ಲೇ ಇರುವ ತಮ್ಮ ಕಛೇರಿಯ ಕಿಟಕಿಗೆ ಎದುರಿಗೆ, ರಸ್ತೆಯಾಚೆಗಿದೆ. ಬುಧವಾರವೇ ಹೊರಟುಬಿಡಿ.