ರೋಲರ್ ಮಾವನ ಮನೆಯಲ್ಲಿ ಧೂಳಿಗೆ ಜಾಗವಿಲ್ಲ

ನಮ್ಮ ಸಿರಾ ಸೀಮೆಯ ಧೂಳು ಯಾರಿಗೂ ಹೆದರಿದ್ದಿಲ್ಲ. ಸಾಹೇಬರ ಮೇಜಿಗೂ ಹೆದರದು, ಮದುವಣಗಿತ್ತಿಯ ಹೊಸ ಸೀರೆಗೂ ಹೆದರದು, ಪೂಜಾರಿಯ ಕಣ್ಣೆದುರಿಗೇ ದೇವರ ಹಣೆಯ ಮೇಲೆ ಕೂತುಬಿಡುತ್ತದೆ. ಅಂಥ ಧೂಳು ಇಡೀ ತಾಲ್ಲೂಕಿನಲ್ಲಿ ಒಬ್ಬರನ್ನು ಕಂಡರೆ ಮಾತ್ರ ದಾರಿ ಬಿಟ್ಟು ಹೋಗುತ್ತಿತ್ತು. ಅವರೇ ನಮ್ಮ ಮಾವ, ಅಂದರೆ ನಮ್ಮಪ್ಪನ ತಂಗಿಯ ಗಂಡ. ನಂಬುವುದಿಲ್ಲವೇ? ಅವರ ಮನೆಯ ಹೊಸಿಲೊಳಗೆ ಒಮ್ಮೆ ಕಾಲಿಟ್ಟಿದ್ದರೆ ನಂಬುತ್ತಿದ್ದಿರಿ. ಕಾಲಿಡಲು ಬಿಟ್ಟಿದ್ದರೆ, ಅಷ್ಟೇ!

ತಮಾಷೆಯೆಂದರೆ ಊರಿನ ಧೂಳನ್ನೆಲ್ಲ ಎಬ್ಬಿಸುತ್ತಿದ್ದವರೂ ಅವರೇ. ಮಾವ ಸರ್ಕಾರಿ ರೋಡ್ ರೋಲರ್ ಡ್ರೈವರು. ಹುಲಿಕುಂಟೆ ಕಡೆಗೋ ಮಧುಗಿರಿ ಕಡೆಗೋ, ಯಾವ ರಸ್ತೆಗೆ ಜಲ್ಲಿ ಬಿದ್ದರೂ ಅದರ ಮೇಲೆ ಮಾವನ ರೋಲರ್ ಹಿಂದಕ್ಕೂ ಮುಂದಕ್ಕೂ ಗುಡುಗುತ್ತಿತ್ತು. ಪಕ್ಕದಲ್ಲಿ ನಿಂತು ಕೂಗಿದರೂ ಕೇಳದಂಥ ಸದ್ದು. ಸಂಜೆ ಮನೆಗೆ ಬಂದಾಗ ಕಣ್ಣು, ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ರಸ್ತೆಯೇ. ನೇರ ಹಿತ್ತಲಿಗೆ ಹೋಗಿ, ಬಟ್ಟೆ ಕಳಚಿ, ತಲೆಗೆ ನೀರು ಸುರಿದುಕೊಂಡು, ಬೇರೆ ಪಂಚೆ ಉಟ್ಟ ಮೇಲೆಯೇ ಒಳಗೆ ಬರುತ್ತಿದ್ದರು. ಬಂದದ್ದು ತನ್ನ ಗಂಡನೇ ಎಂದು ಸ್ನಾನವಾದ ಮೇಲೇ ಗೊತ್ತಾಗುವುದು ಅಂತ ಅತ್ತೆ ಎಲ್ಲರ ಮುಂದೆ ಹೇಳಿ ನಗುತ್ತಿದ್ದರು.

ಇಷ್ಟಕ್ಕೆಲ್ಲ ಮೂಲ ಒಂದು ರೆಕಾರ್ಡ್ ಪ್ಲೇಯರ್. ಟೇಪ್ ರೆಕಾರ್ಡರುಗಳ ಕಾಲ ಶುರುವಾಗಿ, ಮೈಕ್ ಸೆಟ್ ಅಂಗಡಿಯ ಸಾಬರು ತಮ್ಮ ಹಳೆಯ ಪ್ಲೇಯರನ್ನು ಒಂದಷ್ಟು ಹಾಡಿನ ಪ್ಲೇಟುಗಳ ಸಮೇತ ಮಾವನಿಗೆ ದಾಟಿಸಿದ್ದರು. ಅದರಲ್ಲಿ ಒಂದು ಕೊಳಲಿನ ಪ್ಲೇಟು. ಮಾವನ ಅಪ್ಪ ಹುಲಿಕುಂಟೆ ಕಡೆ ಕುರಿ ಮೇಯಿಸುವವರು, ಮಂದೆಯ ಹಿಂದೆ ಕೊಳಲು ಊದಿಕೊಂಡೇ ಬದುಕಿದವರು. ಮಗ ಕುರಿ ಬಿಟ್ಟು ರೋಲರ್ ಹತ್ತಿದರೂ ಕಿವಿ ಮಾತ್ರ ಮಂದೆಯ ಹಿಂದೆಯೇ ಉಳಿದಿತ್ತು. ಆ ಪ್ಲೇಟಿನ ನಡುವೆ ಒಂದು ಕಡೆ ಕೊಳಲು ಎಲ್ಲಕ್ಕಿಂತ ಮೇಲೆ, ಕೂದಲೆಳೆಯಷ್ಟು ಸಣ್ಣಗೆ ಏರಿ ನಿಲ್ಲುತ್ತಿತ್ತು. ಆಗ ಮಾವ ಕಣ್ಣು ಮುಚ್ಚಿ, ತೋರುಬೆರಳು ಎತ್ತಿ "ಅಗೋ" ಎನ್ನುತ್ತಿದ್ದರು. ಎಷ್ಟು ಸಲ ಹಾಕಿದರೂ ಅದೇ ಜಾಗಕ್ಕೆ ಅದೇ ಬೆರಳು, ಅದೇ "ಅಗೋ". ಆ ಒಂದು ಸ್ವರಕ್ಕಾಗಿಯೇ ಅವರು ದಿನವೆಲ್ಲ ರೋಲರಿನ ಮೇಲೆ ಕುಲುಕಾಡಿ ಬರುತ್ತಿದ್ದರೇನೋ.

ಪ್ಲೇಯರಿನ ಪೆಟ್ಟಿಗೆ ಕೊಡುವಾಗ ಸಾಬರು ಒಂದು ಮಾತು ಹೇಳಿಬಿಟ್ಟರು: "ಇದಕ್ಕೆ ದುಶ್ಮನ್ ಅಂದ್ರೆ ಧೂಳೊಂದೇ ನೋಡಣ್ಣ."

ಅಷ್ಟೇ! ಅಂದಿನಿಂದ ನಡುಮನೆ ಕೋಟೆಯಾಯಿತು. ಕಿಟಕಿಯ ಸಂದುಗಳಿಗೆ ಕಾಗದ ಮೆತ್ತಿದರು. ಬಾಗಿಲಿಗೆ ಅತ್ತೆಯ ಹಳೆಯ ಸೀರೆಯನ್ನು ಒದ್ದೆ ಮಾಡಿ ಇಳಿಬಿಟ್ಟರು. ಪೊರಕೆಗೆ ಗಡೀಪಾರಾಯಿತು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಹೊರತು ಗುಡಿಸುವ ಹಾಗಿಲ್ಲ. ನೆಂಟರಿಗೂ ರಿಯಾಯಿತಿಯಿಲ್ಲ. ಹೆಗಲ ಮೇಲಿನ ಟವೆಲನ್ನು ಬೀದಿಯಲ್ಲೇ ಕೊಡವಿ, ಹಿತ್ತಲಲ್ಲಿ ಕೈಕಾಲು ಮುಖ ತೊಳೆದವರಿಗೆ ಮಾತ್ರ ಒಳಗೆ ಚಾಪೆ. ಒಮ್ಮೆ ಬೀಗರೊಬ್ಬರು ಸಿಟ್ಟಾಗಿ, ನಾವು ಊಟಕ್ಕೆ ಬಂದಿದ್ದೇವೋ ಗರ್ಭಗುಡಿ ಹೊಗಲು ಬಂದಿದ್ದೇವೋ ಅಂತ ಜಗಲಿಯ ಮೇಲೆ ಕೂತುಬಿಟ್ಟರು. ಮಾವ ಜಗ್ಗಿದರೇ? ಎಲೆಯನ್ನೇ ಜಗಲಿಗೆ ತಂದು ಹಾಕಿ, ಪಕ್ಕದಲ್ಲಿ ಕೂತು ಬಡಿಸಿದರು!

ಮಗನ ಈ ಪಾಡು ನೋಡಲಾರದೆ ಮಾವನ ಅಪ್ಪ ಊರಿನಿಂದ ಒಂದು ಕರಿಕಂಬಳಿ ಹೊತ್ತು ತಂದರು. ಆ ಮನೆತನದಲ್ಲಿ ಕಂಬಳಿಗಿಂತ ದೊಡ್ಡದಿಲ್ಲ. ದೇವರನ್ನು ಕೂರಿಸುವುದೂ ಕಂಬಳಿಯ ಮೇಲೆ, ಹಿರಿಯರನ್ನು ಕೂರಿಸುವುದೂ ಕಂಬಳಿಯ ಮೇಲೆ. "ಮಳೆನೇ ಒಳಕ್ಕೆ ಬುಡಾಕಿಲ್ಲ ಕಣ್ಲಾ ಇದು, ಇನ್ನು ಧೂಳೇನ್ ಬತ್ತದೆ?" ಎಂದು ತಾವೇ ಪೆಟ್ಟಿಗೆಗೆ ಹೊದಿಸಿ ಕೈ ಮುಗಿದರು. ಧೂಳೇನೋ ಬರಲಿಲ್ಲ. ಆದರೆ ಉಣ್ಣೆಯ ಎಳೆಗಳು ಉದುರಿ ಪ್ಲೇಯರಿನ ಮುಳ್ಳಿಗೆ ಸುತ್ತಿಕೊಂಡು, ಕೊಳಲು ಹಾಕಿದರೆ ಕುರಿ ಅರಚಿದ ಹಾಗೆ ಕೇಳತೊಡಗಿತು. ಇದನ್ನು ಅಪ್ಪನಿಗೆ ಹೇಳುವುದುಂಟೇ? ಊರಿಗೆಲ್ಲ ಎದುರು ನಿಂತ ಮಾವ ಅಪ್ಪನ ಮುಂದೆ ಮಾತ್ರ ಬಾಯಿ ಬಿಡಲಿಲ್ಲ. ಮುದುಕರು ಬಂದಾಗ ಪೆಟ್ಟಿಗೆ ಕಂಬಳಿ ಹೊದೆಯುತ್ತಿತ್ತು, ಅವರು ಬಸ್ಸು ಹತ್ತಿದ ಕೂಡಲೇ ಕಳಚುತ್ತಿತ್ತು.

ಆಯುಧಪೂಜೆಯ ದಿನದ ಕಥೆ ಇನ್ನೂ ಚೆನ್ನ. ಮಾವ ರೋಲರಿಗೆ ಹೂ ಮುಡಿಸಲು ಹೋಗಿದ್ದಾಗ ಅತ್ತೆ ಮನೆಯ ಕುಡುಗೋಲು, ಈಳಿಗೆಮಣೆ, ಒನಕೆಗಳ ಜೊತೆ ಪ್ಲೇಯರಿಗೂ ಪೂಜೆ ಮಾಡಿದರು. ಮುಚ್ಚಳಕ್ಕೆ ವಿಭೂತಿ, ಪ್ಲೇಟಿಗೆ ಅರಿಶಿನ ಕುಂಕುಮ, ಮುಳ್ಳಿಗೂ ಒಂದು ಬೊಟ್ಟು, ಮೇಲೊಂದು ಹಿಡಿ ಅಕ್ಷತೆ! ಮಾವ ಬಂದು ನೋಡಿ ಗೋಡೆ ಹಿಡಿದುಕೊಂಡರು. ದೇವರ ಕುಂಕುಮ, ಬೈಯುವ ಹಾಗಿಲ್ಲ. ಕೋಳಿಪುಕ್ಕ ಹಿಡಿದು ಕೂತು, ಒಂದೊಂದು ಸಲ ಸವರುವಾಗಲೂ ಒಂದೊಂದು ಸಲ ಕೆನ್ನೆ ಬಡಿದುಕೊಂಡು ತೆಗೆದರು. ಮರುವರ್ಷ ಹಬ್ಬಕ್ಕೆ ಮುಂಚೆಯೇ, ಇದು ಆಯುಧ ಅಲ್ಲ, ಇದಕ್ಕೆ ಪೂಜೆ ಬೇಡ ಅಂದರು.

"ಮತ್ತೆ ಇದ್ನ ಇಟ್ಕಂಡು ವರ್ಸೆಲ್ಲ ಯುದ್ಧ ಮಾಡ್ತೀರಲ್ಲ?" ಅಂದರು ಅತ್ತೆ.

ಯುದ್ಧವೆಂದರೆ ಯುದ್ಧವೇ. ಎದುರಿಗೊಂದು ಕಡಲೆಕಾಯಿ ಮಿಲ್ಲಿತ್ತು. ಸುಗ್ಗಿ ಬಂತೆಂದರೆ ಅದರ ಸಿಪ್ಪೆಯ ಧೂಳು ನೇರ ಮಾವನ ಬಾಗಿಲಿಗೇ ಬರುತ್ತಿತ್ತು. ಸಿಪ್ಪೆ ಬೀಳುವ ಕಡೆ ಗೋಣಿತಾಟು ಕಟ್ಟಿಸಿ ಅಂತ ಮಾವ ಮಿಲ್ಲಿನ ಸಾಹುಕಾರರನ್ನು ಕೇಳಿದರು. ಒಂದು ಹಾಡಿನ ಪೆಟ್ಟಿಗೆಗೋಸ್ಕರ ಮಿಲ್ಲಿಗೆ ಸೀರೆ ಉಡಿಸಬೇಕೇನಯ್ಯ ಎಂದು ಅವರು ನಕ್ಕರು. ಮಾವ ನಗಲಿಲ್ಲ. ಮರುದಿನ ಮಾವನ ರೋಲರ್ ಸರಿಯಾಗಿ ಮಿಲ್ಲಿನ ಗೇಟಿನ ಎದುರಿಗೆ ಬಂದು ಕೆಟ್ಟು ನಿಂತಿತು! ಬಂಡಿಗಳು ಒಳಗೆ ಹೋಗುವ ಹಾಗಿಲ್ಲ, ಲಾರಿ ಹೊರಗೆ ಬರುವ ಹಾಗಿಲ್ಲ. ತಳ್ಳೋಣವೆಂದರೆ ರೋಲರನ್ನು ತಳ್ಳಿದವರುಂಟೇ? ಸಾಹುಕಾರರು ಕೂಗಾಡಿದರು, ಗೋಗರೆದರು. ಮಾವ ರೋಲರಿನ ನೆರಳಲ್ಲಿ ಕೂತು ಬೀಡಿ ಹಚ್ಚಿ, ಯಾವುದೋ ಕೀಲು ಸಿಗಬೇಕಂತೆ, ತುಮಕೂರಿನಿಂದ ಬರಬೇಕಂತೆ ಅಂದರು. ಮಧ್ಯಾಹ್ನಕ್ಕೆ ಮಿಲ್ಲಿಗೆ ಗೋಣಿತಾಟು ಏರಿತು. ಕೀಲು ಎಲ್ಲಿಂದ ಬಂತೋ ದೇವರೇ ಬಲ್ಲ, ರೋಲರ್ ಗುಡುಗಿಕೊಂಡು ಹೊರಟುಹೋಯಿತು.

ಹೀಗೆ ಧೂಳು ಸೋತಿತು. ಗೆದ್ದ ಮೇಲೆ ಮಾವ ಸುಖವಾಗಿ ಕೊಳಲು ಕೇಳಿಕೊಂಡಿದ್ದರು ಅಂತೀರಾ? ಅಲ್ಲೇ ಎಡವಟ್ಟಾದದ್ದು. ನಾನಾಗ ಮಧುಗಿರಿಯಲ್ಲಿ ಮೇಷ್ಟ್ರಾಗಿದ್ದೆ. ರಜೆಗೆ ಹೋದಾಗ ಮಾವ ಪ್ಲೇಟು ಹಾಕಿ, ಕಿವಿಗೊಟ್ಟು ಕೂತು, ಮುಖ ಸಿಂಡರಿಸಿ ಎದ್ದರು. "ತಬಲ ಚಂದಾಗಿ ಬತ್ತದೆ ಕಣ್ಲಾ. ಕೊಳಲು ಮೇಲಕ್ಕೆ ಹೋಯ್ತಿದ್ದಂಗೆ ನಿಂತೋಯ್ತದೆ. ಎಲ್ಲೋ ಧೂಳು ಕುಂತೈತೆ."

ಬಟ್ಟೆಯಲ್ಲಿ ಒರೆಸಿದರು, ಪುಕ್ಕದಲ್ಲಿ ಸವರಿದರು, ಹೊಸ ಮುಳ್ಳು ಹಾಕಿಸಿದರು, ಬಾಗಿಲಿಗೆ ಎರಡನೆಯ ಸೀರೆ ಇಳಿಬಿಟ್ಟರು. ಮತ್ತೆ ಹಾಕಿದರು. ಕೊಳಲು ಏರಿತು, ಕೂದಲೆಳೆಯಷ್ಟು ಸಣ್ಣಗೆ, ತಿಳಿಯಾಗಿ ನಿಂತಿತು. ನನಗೆ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಅತ್ತೆಗೂ ಕೇಳಿಸಿತು. ಮಾವನ ಬೆರಳು ಮಾತ್ರ ಮೇಲೇಳಲಿಲ್ಲ. ಅತ್ತೆ ನನ್ನ ಮುಖ ನೋಡಿದರು.

ಸಕ್ಕರೆ ಕಾಯಿಲೆ ಇದೆಯೋ ಏನೋ ತೋರಿಸೋಣ ಬನ್ನಿ ಅಂತ ಏನೇನೋ ನೆಪ ಹೇಳಿ ಮಾವನನ್ನು ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಏನು ಕೆಲಸ ಎಂದು ಕೇಳಿದರು, ರೋಲರ್ ಅಂದ ಕೂಡಲೇ ಕಿವಿ ನೋಡಿದರು. ವರ್ಷಗಟ್ಟಲೆ ಆ ಸದ್ದಿನಲ್ಲಿ ಕೂತು ಮೇಲಿನ ಸಣ್ಣ ಸ್ವರಗಳನ್ನು ಕೇಳುವ ಶಕ್ತಿ ಹೋಗಿದೆ, ಹೋದದ್ದು ಬರುವುದಿಲ್ಲ, ಇನ್ನೂ ಹೋಗಬಹುದು ಅಂತ ಜೋರಾಗಿ, ಬಿಡಿಸಿ ಹೇಳಿದರು. ಮಾವ ಎಲ್ಲವನ್ನೂ ಕೇಳಿಸಿಕೊಂಡು ಪಂಚೆ ಕೊಡವಿಕೊಂಡು ಎದ್ದರು. ಸಿರಾದಲ್ಲಿ ಇಳಿದವರೇ ನೇರ ಬಟ್ಟೆ ಅಂಗಡಿಗೆ ಹೋಗಿ ಮೆತ್ತನೆಯ ಮಲ್ ಬಟ್ಟೆ ಹರಿಸಿಕೊಂಡರು. ನನಗೆ ತಡೆಯಲಾಗಲಿಲ್ಲ. ಡಾಕ್ಟರು ಹೇಳಿದ ಮೇಲೂ ಇದು ಯಾತಕ್ಕೆ ಮಾವ ಅಂದೆ.

"ಕಿವೀಗೆ ಬಂದಿದ್ನ ಒರ್ಸಾಕಾಯ್ತದೇನ್ಲಾ? ಧೂಳಾದ್ರೆ ಒರ್ಸ್‌ಬೋದು," ಅಂದರು. ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು, "ಧೂಳೇ ಅದು."

ಮನೆಯಲ್ಲಿ ಅತ್ತೆ ಡಾಕ್ಟರು ಏನಂದರು ಅಂತ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಮಾವ, ಧೂಳಂತೆ ಅಂತ. ಅತ್ತೆ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡರು. ಬಾಗಿಲಿನ ಸೀರೆ ಎಳೆದುಕೊಂಡು ಹೋಗಿ, ನೀರಲ್ಲಿ ಅದ್ದಿ, ಹಿಂಡಿ, ತಂದು ಕಟ್ಟಿದರು.

ಮಾವ ಹೊಸ ಬಟ್ಟೆಯಲ್ಲಿ ಪ್ಲೇಟನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸಿ, ಮುಳ್ಳು ಇಟ್ಟು, ಕಣ್ಣು ಬಿಟ್ಟುಕೊಂಡೇ ಕೂತರು. ಎದುರಿಗೆ ಅತ್ತೆ ಬಂದು ಕೂತರು. ಕೊಳಲು ಮೇಲೆ ಮೇಲೆ ಹೋಯಿತು. ಇನ್ನೇನು ಆ ಜಾಗ ಬಂತು ಅನ್ನುವಾಗ ಅತ್ತೆ ಮೆಲ್ಲಗೆ ತಮ್ಮ ತೋರುಬೆರಳು ಎತ್ತಿದರು.

ಮಾವ ಆ ಬೆರಳನ್ನು ನೋಡಿದರು. ತಮ್ಮ ಬೆರಳನ್ನೂ ಎತ್ತಿದರು.

"ಅಗೋ," ಅಂದರು. "ಹೋಯ್ತು ನೋಡು ಧೂಳು."