ಸಾಲ್ಮನ್ನಿಗೆ ಗಾಳ ಹಾಕಿದ ಬೆಳಗುಗಳು

ಮೌಂಟನ್ ವ್ಯೂನಿಂದ ಎರಡು ಗಂಟೆ ಕಾರು ಓಡಿಸಿ, ಸ್ಯಾಕ್ರಮೆಂಟೊ ನದಿಯಲ್ಲಿ ಸಾಲ್ಮನ್ ಹಿಡಿಯುವ ಚಟ ನನಗೆ ಅಂಟಿ ಕೆಲವು ವರ್ಷಗಳಾದವು. ಹೋದಾಗಲೆಲ್ಲ ಮೀನು ಸಿಗುತ್ತದೆ ಎನ್ನಲಾರೆ. ಆದರೆ ಸೋಮವಾರ ಆಫೀಸಿನಲ್ಲಿ ಹೇಳಿಕೊಳ್ಳಲು ಏನಾದರೊಂದು ಸಿಕ್ಕೇ ಸಿಗುತ್ತದೆ.

೧. ದೊಡ್ಡದು

ಮೊದಲ ಸಲ ಹೋದಾಗ ಬಾಡಿಗೆ ದೋಣಿ. ನಡೆಸುವವನು ಬಿಳಿ ಗಡ್ಡದ ಅಜ್ಜ, ಎಲ್ಲರೂ ಅವನನ್ನು ಕ್ಯಾಪ್ಟನ್ ಅನ್ನುತ್ತಾರೆ. "ಮೊದಲೆಂದಾದರೂ ಮೀನು ಹಿಡಿದಿದ್ದೀಯಾ?" ಎಂದು ಕೇಳಿದ.

"ನಾನು ಮಂಡ್ಯದವನು. ನಡೆಯೋಕೆ ಮುಂಚೆ ನಾಲೆಗೆ ಗಾಳ ಹಾಕಿದವನು" ಎಂದು ಎದೆಯುಬ್ಬಿಸಿದೆ.

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ನೀರಿನ ಮೇಲೆ ದಟ್ಟ ಮಂಜು. ಐದೇ ನಿಮಿಷಕ್ಕೆ ದಾರ ಜಗ್ಗಿತು. "ಸಿಕ್ತು!" ಎಂದು ಕೂಗಿ ಎಳೆಯತೊಡಗಿದೆ. ಮಂಜಿನ ಆಚೆಯಿಂದ ಯಾರೋ "ದೊಡ್ಡದು! ದೊಡ್ಡದು!" ಎಂದು ಅರಚುತ್ತಿದ್ದ. ನನ್ನನ್ನೇ ಹುರಿದುಂಬಿಸುತ್ತಿದ್ದಾನೆ ಎಂದುಕೊಂಡು ಇನ್ನಷ್ಟು ಜೋರಾಗಿ ಎಳೆದೆ. ಹತ್ತು ನಿಮಿಷದ ಮೇಲೆ ಮಂಜು ಸರಿಯಿತು. ಪಕ್ಕದ ದೋಣಿಯಲ್ಲಿ ಒಬ್ಬ ಧಡೂತಿ ಆಸಾಮಿ ಹಲ್ಲು ಕಚ್ಚಿಕೊಂಡು ನನ್ನ ಗಾಳ ಎಳೆಯುತ್ತಿದ್ದ. ನಾನು ಅವನದನ್ನು.

ಕ್ಯಾಪ್ಟನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ದೊಡ್ಡದು ಅನ್ನೋದೇನೋ ನಿಜ. ಆದರೆ ಮನೆಗೆ ಒಯ್ಯೋ ಹಾಗಿಲ್ಲ."

೨. ಒಂದು ಚಿಪ್ಪು ಬಾಳೆಹಣ್ಣು

ಮರುವರ್ಷ ಆಫೀಸಿನ ಗೆಳೆಯನೊಬ್ಬ ಜೊತೆಗೆ ಬಂದ. ಮೈಸೂರಿನವನು, ಶುದ್ಧ ಸಸ್ಯಾಹಾರಿ. "ನಾನು ಸೂರ್ಯೋದಯ ನೋಡೋಕೆ ಬರ್ತೀನಿ ಕಣೋ" ಅಂದಿದ್ದ. ದೋಣಿ ಹತ್ತಿದವನೇ ಚೀಲದಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದ. ಕ್ಯಾಪ್ಟನ್ ಹಾವು ಕಂಡವನಂತೆ ಹಿಂದೆ ಸರಿದ. ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಹತ್ತಿರ ಸುಳಿಯುವುದಿಲ್ಲವಂತೆ!

"ಬಾಳೆಹಣ್ಣು ಅಪಶಕುನಾನಾ? ನಮ್ಮಲ್ಲಿ ಇದಿಲ್ಲದೆ ಮದುವೇನೇ ಆಗಲ್ಲ" ಎಂದ ಗೆಳೆಯ.

"ಮದುವೆ ಬೇಕಾದರೆ ನಾಳೆ ಮಾಡ್ಕೋ. ಈಗ ಹಣ್ಣು ಇಳೀಬೇಕು, ಇಲ್ಲ ನೀನು ಇಳೀಬೇಕು."

ಹಣ್ಣು ಬಿಸಾಡಲು ಗೆಳೆಯನಿಗೆ ಮನಸ್ಸಾಗಲಿಲ್ಲ. ದಡದಲ್ಲೇ ನಿಂತು ಎಂಟನ್ನೂ ತಿಂದು ಮುಗಿಸಿ ಬಂದ. ಅವತ್ತು ಒಂದು ಮೀನೂ ಬೀಳಲಿಲ್ಲ. ವಾಪಸು ಬರುವಾಗ ಕ್ಯಾಪ್ಟನ್ ಅವನ ಹೊಟ್ಟೆಯನ್ನೇ ದಿಟ್ಟಿಸಿ ನಿಟ್ಟುಸಿರುಬಿಟ್ಟ. "ತಪ್ಪು ನಂದೇ. ಇಳಿದ ಹಣ್ಣು ಮತ್ತೆ ದೋಣಿ ಹತ್ತಿಬಿಡ್ತು."

೩. ಬಿಡು

ಕಳೆದ ಸಲ ಹನ್ನೆರಡು ವರ್ಷದ ಮಗಳನ್ನು ಕರೆದೊಯ್ದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಿಸಿಲು ಮೂಡುವ ಹೊತ್ತಿಗೆ ಅವಳ ಗಾಳದ ರಾಡು ಬಿಲ್ಲಿನಂತೆ ಬಾಗಿತು. ಮೀನು ಓಡುವಾಗ ದಾರ ಸಡಿಲ ಬಿಡಬೇಕು. "ಬಿಡು, ಬಿಡು!" ಎಂದು ಕಿರುಚಿದೆ.

"ಲೆಟ್ ಗೋ? ಆರ್ ಯು ಕ್ರೇಜಿ?"

"ರಾಡಲ್ಲ ಕಣೇ, ದಾರ! ಈಗ ಸುತ್ತು... ಅಯ್ಯೋ, ಬಿಡು!"

ಅದು ಅವಳ ಹೆಸರಿರಬೇಕು ಎಂದುಕೊಂಡ ಕ್ಯಾಪ್ಟನ್, "ಕಮಾನ್ ಬಿಡೂ! ಗುಡ್ ಜಾಬ್ ಬಿಡೂ!" ಎಂದು ಚಪ್ಪಾಳೆ ತಟ್ಟಿದ. ಅಕ್ಕಪಕ್ಕದ ದೋಣಿಯವರೂ ಶುರುಮಾಡಿದರು. ಇಪ್ಪತ್ತು ನಿಮಿಷ ಹುಡುಗಿ ಸೋಲಲಿಲ್ಲ. ಅಂಗೈ ಕೆಂಪಾಯಿತು, ತುಟಿ ಕಚ್ಚಿಕೊಂಡೇ ಇದ್ದಳು. ಬಲೆಯಲ್ಲಿ ಎತ್ತಿದಾಗ ನೋಡಿದರೆ, ಬೆಳ್ಳಿಯಂತೆ ಹೊಳೆಯುವ ಮೀನು ಅವಳ ಸೊಂಟದವರೆಗೆ ಬರುವಷ್ಟು ಉದ್ದ.

ದಡದ ಅಂಗಡಿಯ ಗೋಡೆಯಲ್ಲಿ ಈಗ ಅವಳ ಫೋಟೋ ಇದೆ. ಕೊನೆಯವರೆಗೂ ಬಿಡದ ಹುಡುಗಿಯ ಫೋಟೋ ಕೆಳಗೆ ಬರೆದಿರುವ ಹೆಸರು 'ಬಿಡು'.

೪. ಹಿಡಿದದ್ದು

ಅವತ್ತು ದಡದಿಂದಲೇ ಮಂಡ್ಯಕ್ಕೆ, ನಮ್ಮವ್ವನಿಗೆ ವಿಡಿಯೋ ಕಾಲು ಮಾಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು.

"ಯಪ್ಪಾ, ಏಟ್ ದಪ್ಪ ಅದೆ! ಯಾರ್ಲಾ ಹಿಡುದ್ರು?"

"ನಿನ್ ಮೊಮ್ಮಗಳು ಕಣವ್ವ!" ಎಂದೆ. ಅಷ್ಟು ಹೆಮ್ಮೆಯಿಂದ ನನ್ನ ಪ್ರಮೋಷನ್ ಸುದ್ದಿಯನ್ನೂ ಹೇಳಿರಲಿಲ್ಲ.

ಅವ್ವ ಫೋನಿಗೇ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಮಗು ಮೀನ್ ಹಿಡೀತು, ಸರಿ. ಅಷ್ಟೊತ್ತೂ ನೀನೇನ್ಲಾ ಹಿಡ್ದಿದ್ದೆ?"

"ಅವಳು ನೀರಿಗೆ ಬೀಳ್ದಂಗೆ ಅವಳ ಜಾಕೆಟ್ಟು ಹಿಡ್ಕಂಡಿದ್ದೆ ಕಣವ್ವ."